ರಜಾ, ಗೈರುಹಾಜರಿ ಮತ್ತು ಬಡವರ ಜ್ವರ

ಶಾಲೆಯಲ್ಲಿ ನಾವು ಬರೆಯಲು ಕಲಿತ ಮೊದಲ ಅರ್ಜಿ ರಜಾ ಅರ್ಜಿ. ಕನ್ನಡ ಶಾಲೆಯ ಮಕ್ಕಳು ಅದನ್ನು ರಜಾ ಚೀಟಿ ಎಂದರು, ಉರ್ದು ಶಾಲೆಯ ಮಕ್ಕಳು ರುಖ್ಸತ್ ಕೀ ದರ್ಖಾಸ್ತ್ ಎಂದರು. ಭಾಷೆ ಬೇರೆಯಾದರೂ ಒಕ್ಕಣೆ ಒಂದೇ. ಜ್ವರ ಬಂದಿದೆ, ಎರಡು ದಿನ ಬರಲಾಗುವುದಿಲ್ಲ, ದಯಮಾಡಿ ಮನ್ನಿಸಬೇಕು. ಕೊನೆಗೆ ತಂದೆಯ ರುಜು, ಇಲ್ಲವೇ ಹೆಬ್ಬೆಟ್ಟಿನ ಗುರುತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಶಾಲೆಗಳಲ್ಲಿ ಇಂಥ ಅರ್ಜಿ ಬರೆದು ಬೆಳೆದ ಮಕ್ಕಳಲ್ಲಿ ಎಷ್ಟು ಮಂದಿಗೆ ದೊಡ್ಡವರಾದ ಮೇಲೆ ಆ ಅರ್ಜಿಯನ್ನು ಕೊಡಲು ಒಂದು ಕಚೇರಿ ಸಿಕ್ಕಿತು? ಮೇಷ್ಟರಾದವರಿಗೆ, ಗುಮಾಸ್ತರಾದವರಿಗೆ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆದವರಿಗೆ ಸಿಕ್ಕಿತು. ಬೀಡಿಯ ಮೊರ ಹಿಡಿದವರಿಗೆ, ಕಡಲೆಕಾಯಿ ಮಿಲ್ಲಿಗೆ ಹೋದವರಿಗೆ, ಗ್ಯಾರೇಜು ಸೇರಿದವರಿಗೆ, ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತವರಿಗೆ ಸಿಗಲಿಲ್ಲ. ಕಾಯಿಲೆ ಮಾತ್ರ ಎಲ್ಲರಿಗೂ ಬಂತು.

ಯಾವ ಕಾಯಿಲೆ ಯಾವಾಗ ಬಂತು, ಎಷ್ಟು ಜನ ಸತ್ತರು ಎಂಬುದನ್ನು ಸರ್ಕಾರದ ವರದಿಗಳು ಬರೆದಿಟ್ಟಿವೆ. ಕಾಯಿಲೆ ಬಂದ ದಿನ ಕೆಲಸಕ್ಕೆ ಹೋಗದೆ ಮಲಗುವ ಅವಕಾಶ ಯಾರಿಗಿತ್ತು, ಆ ದಿನದ ಕೂಲಿಯನ್ನು ಯಾರು ಕೊಟ್ಟರು ಎಂಬುದು ಅಷ್ಟಾಗಿ ಬರೆದಿಟ್ಟ ಸಂಗತಿಯಲ್ಲ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಆ ಕಥೆಯ ಕೆಲವು ಎಳೆಗಳನ್ನು ಬಿಡಿಸಿ ನೋಡೋಣ.

ಒಂದೇ ಖಾಲಿ ಜಾಗ, ಎರಡು ಹೆಸರು

ಮೊದಲು ಪದದ ಮಾತು. ನಾವು ದಿನವೂ ಬಳಸುವ ‘ರಜಾ’ ಅರಬ್ಬಿಯ ‘ರಿಝಾ’ದಿಂದ ಬಂದದ್ದು. ಅದರ ಅರ್ಥ ಒಪ್ಪಿಗೆ, ಸಮ್ಮತಿ. ಉರ್ದುವಿನಲ್ಲಿ ‘ರಝಾಮಂದಿ’ ಎಂದರೆ ಇಂದಿಗೂ ಒಪ್ಪಿಗೆಯೇ. ಮರಾಠಿ ಮತ್ತು ದಖನಿಯ ದಾರಿಯಲ್ಲಿ ಕನ್ನಡಕ್ಕೆ ಬಂದಾಗ ಅದು ಬಿಡುವಿನ ದಿನ ಎಂಬ ಅರ್ಥ ಪಡೆಯಿತು. ‘ಗೈರುಹಾಜರಿ’ಯೂ ಅದೇ ಮನೆತನದ ಪದ. ಹಾಜರಿ, ದಫ್ತರ, ಅಮಲ್ದಾರ, ಶಿರಸ್ತೇದಾರ, ತಾರೀಖು, ಖಾಯಂ, ಬದಲಿ ಎಲ್ಲವೂ ಅಲ್ಲಿಂದಲೇ ಬಂದವು.

ಈ ಪದಗಳೆಲ್ಲ ಶಿರಾದಿಂದಲೇ ಕನ್ನಡಕ್ಕೆ ಇಳಿದವೆಂದು ಹೇಳಿದರೆ ಅತಿಯಾದೀತು. ಆದರೆ ಶಿರಾಕ್ಕೆ ಇದರಲ್ಲಿ ಪಾಲಿಲ್ಲವೆಂದೂ ಹೇಳಲಾಗದು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಮಲಿಕ್ ರಿಹಾನ್ ಇಲ್ಲಿಂದ ಆಡಳಿತ ನಡೆಸಿದ. ಅವನ ದರ್ಗಾ ಇಂದಿಗೂ ಊರಿನ ಗುರುತು. 1687ರ ನಂತರ ಶಿರಾ ಮೊಗಲರ ಸುಬಾದ ಕೇಂದ್ರವಾಯಿತು, ಖಾಸಿಂ ಖಾನ್ ಅದರ ಮೊದಲ ಸುಬೇದಾರ. 1761ರಲ್ಲಿ ಹೈದರ್ ಅಲಿಯ ಕೈಸೇರುವವರೆಗೆ ಲೆಕ್ಕಪತ್ರದ ಭಾಷೆಯಾಗಿ ಪಾರ್ಸಿ ಇಲ್ಲಿ ಬಾಳಿತು. ಆಡಳಿತ ಬಂದಲ್ಲಿ ಹಾಜರಿ ಬರುತ್ತದೆ. ಹಾಜರಿ ಬಂದಲ್ಲಿ ಬಾರದವರ ಲೆಕ್ಕವೂ ಬರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕೆಲಸದ ಜಾಗದಲ್ಲಿ ಒಬ್ಬ ಮನುಷ್ಯನಿಲ್ಲ. ಆ ಖಾಲಿ ಜಾಗಕ್ಕೆ ಧಣಿಯ ಒಪ್ಪಿಗೆ ಇದ್ದರೆ ಅದು ರಜಾ, ಇಲ್ಲದಿದ್ದರೆ ಗೈರುಹಾಜರಿ. ಜ್ವರ ಎರಡೂ ಕಡೆ ಒಂದೇ, ಮಾತ್ರೆಯೂ ಒಂದೇ. ಬೇರೆಯಾದದ್ದು ಒಪ್ಪಿಗೆ. ಒಪ್ಪಿಗೆ ಎಂದರೆ ದಯೆ. ಅದು ಹಕ್ಕಾಗಲು ಬಹಳ ಕಾಲ ಬೇಕಾಯಿತು. ಕೆಲವರಿಗೆ ಇನ್ನೂ ಆಗಿಲ್ಲ.

ಹಳ್ಳಿಯ ಹಳೆಯ ಲೆಕ್ಕ

ಅರ್ಜಿ ಇಲ್ಲದ ಕಾಲದಲ್ಲಿ ಕಾಯಿಲೆಯವರು ಏನು ಮಾಡುತ್ತಿದ್ದರು? ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಅವುಗಳದೇ ಏರ್ಪಾಡು ಇತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ನೀರುಗಂಟಿ ಇವರೆಲ್ಲ ಆಯಗಾರರು. ಇವರಿಗೆ ದಿನದ ಕೂಲಿ ಇರಲಿಲ್ಲ, ಸುಗ್ಗಿಯ ಕಣದಲ್ಲಿ ಆಯವಿತ್ತು. ಅಗಸನಿಗೆ ನಾಲ್ಕು ದಿನ ಜ್ವರ ಬಂದರೆ ಅಣ್ಣನೋ ತಮ್ಮನೋ ಹೆಂಡತಿಯೋ ಬಟ್ಟೆ ಒಗೆಯುತ್ತಿದ್ದರು. ಕಣದ ಪಾಲಿಗೆ ಧಕ್ಕೆಯಿಲ್ಲ. ಕೆಲಸ ಒಬ್ಬನದಲ್ಲ, ಮನೆಯದು ಎಂಬ ಲೆಕ್ಕ.

ಒಕ್ಕಲು ಮಕ್ಕಳಿಗೆ ಮುಯ್ಯಾಳಿನ ಪದ್ಧತಿ ಇತ್ತು. ಬಿತ್ತನೆಯ ಹದದಲ್ಲಿ ಒಬ್ಬ ಮಲಗಿದರೆ ನೆರೆಯವರು ಆರು ಕಟ್ಟಿ ಬಿತ್ತಿಕೊಡುತ್ತಿದ್ದರು. ಎದ್ದ ಮೇಲೆ ಅವನು ಆ ಮುಯ್ಯಿ ತೀರಿಸುತ್ತಿದ್ದ. ಸಿಡುಬಿನಂಥ ಕಾಯಿಲೆಯಾದರೆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಅಮ್ಮ ಬಂದಿದ್ದಾಳೆ ಎಂದರೆ ಸಾಕು, ಆ ಮನೆಯವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಗಿಡಮೂಲಿಕೆಯ ಮದ್ದಿಗಾಗಿ ಹೋದವರಿಗೆ, ದರ್ಗಾದಲ್ಲಿ ಹರಕೆ ಹೊತ್ತು ಉಳಿದವರಿಗೆ ಸಿಗುತ್ತಿದ್ದದ್ದು ಬೇರು ಮತ್ತು ತಾಯಿತ ಮಾತ್ರವಲ್ಲ, ನಾಲ್ಕು ದಿನದ ವಿಶ್ರಾಂತಿ ಕೂಡ. ದೇವರ ಹೆಸರಿನಲ್ಲಿ ಸಿಕ್ಕ ಆ ಬಿಡುವನ್ನು ಪ್ರಶ್ನಿಸುವ ಧೈರ್ಯ ಧಣಿಗೂ ಇರಲಿಲ್ಲ.

ಹಾಗೆಂದು ಹಳೆಯ ಹಳ್ಳಿಯನ್ನು ಹೊಗಳಿ ಮುಗಿಸುವಂತಿಲ್ಲ. ಮುಯ್ಯಿ ನಡೆಯುತ್ತಿದ್ದದ್ದು ಹೊಲ ಇದ್ದವರ ನಡುವೆ. ಹೊಲವಿಲ್ಲದವನು ಮುಯ್ಯಿ ತೀರಿಸುವುದು ಯಾವುದರಿಂದ? ಸಾಲಕ್ಕೆ ಮೈಯನ್ನೇ ಒತ್ತೆಯಿಟ್ಟು ಯುಗಾದಿಯಿಂದ ಯುಗಾದಿಗೆ ದುಡಿದ ಜೀತದಾಳಿನ ಕಾಯಿಲೆಗೆ ಒಂದೇ ಮದ್ದಿತ್ತು, ಬದಲಿ ಆಳು. ಅವನು ಮಲಗಿದರೆ ಮಗ ಹೋಗಬೇಕು, ಮಗ ಚಿಕ್ಕವನಾದರೆ ಹೆಂಡತಿ ಹೋಗಬೇಕು, ಯಾರೂ ಹೋಗದಿದ್ದರೆ ತಪ್ಪಿದ ದಿನಗಳು ಸಾಲಕ್ಕೆ ಸೇರಬೇಕು. ಎಷ್ಟೋ ದಲಿತ ಹುಡುಗರು ಶಾಲೆ ಬಿಟ್ಟು ದನದ ಹಿಂದೆ ಹೋದದ್ದು ಹೀಗೆ, ಅಪ್ಪನ ಜ್ವರದ ಬದಲಿಯಾಗಿ. ಜೀತಪದ್ಧತಿಯನ್ನು ರದ್ದುಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂದ ಮೇಲೂ ಜೀತದಾಳುಗಳನ್ನು ಹುಡುಕಿ ಬಿಡಿಸುವ ಕೆಲಸ ದಶಕಗಳ ಕಾಲ ನಡೆಯಿತು.

ಬರ, ಪ್ಲೇಗು ಮತ್ತು 1918

ಈ ಸೀಮೆಯ ಮುದುಕರು ಹೇಳುತ್ತಿದ್ದ ಧಾತು ಈಶ್ವರದ ಬರ ಎಂದರೆ 1876ರಿಂದ 78ರವರೆಗಿನ ಬರ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಸುಮಾರು ಎಂಟೂ ಮುಕ್ಕಾಲು ಲಕ್ಷ ಜನ ಕಡಿಮೆ. ಆಗ ಸರ್ಕಾರ ಬರಪೀಡಿತರನ್ನು ಎರಡು ಸಾಲಾಗಿ ನಿಲ್ಲಿಸಿತು. ದುಡಿಯುವ ಶಕ್ತಿ ಇದ್ದವರಿಗೆ ರಸ್ತೆ, ಕೆರೆಯ ಕೆಲಸ, ಇಲ್ಲದವರಿಗೆ ಗಂಜಿ. ಈತ ನಿಜವಾಗಿ ಕಾಯಿಲೆಯವನೋ, ಕೆಲಸಗಳ್ಳನೋ ಎಂದು ತೀರ್ಮಾನಿಸುವ ಅಧಿಕಾರ ಪರೀಕ್ಷೆಗೆ ನಿಂತ ಅಧಿಕಾರಿಯದು. ಬಡವನ ಕಾಯಿಲೆಯನ್ನು ಮೊದಲು ಸಂದೇಹಿಸಿ ಆಮೇಲೆ ಒಪ್ಪುವ ಸರ್ಕಾರಿ ಕ್ರಮ ಅಲ್ಲಿ ಗಟ್ಟಿಯಾಯಿತು. ಇಂದಿನ ವೈದ್ಯಕೀಯ ಪ್ರಮಾಣಪತ್ರದೊಳಗೂ ಆ ಸಂದೇಹದ ಒಂದು ಎಳೆ ಉಳಿದಿದೆ.

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಸಂಸ್ಥಾನದ ಊರೂರುಗಳಲ್ಲಿ ಇಲಿ ಬಿದ್ದರೆ ಜನ ಊರು ತೊರೆದು ಹೊಲದ ಗುಡಿಸಲುಗಳಲ್ಲಿ ವಾಸ ಮಾಡುವುದು ಮುಂದಿನ ಹಲವು ವರ್ಷಗಳ ರೂಢಿಯಾಯಿತು. ಸಂಬಳದವರಿಗೆ ತಿಂಗಳ ಕೊನೆಗೆ ಸಂಬಳವಿತ್ತು. ಪೇಟೆ ಮುಚ್ಚಿದರೆ ಹಮಾಲಿಗಳಿಗೆ, ನೇಕಾರರಿಗೆ, ಜಟಕಾದವರಿಗೆ ಏನೂ ಇರಲಿಲ್ಲ. 1918ರ ಇನ್‌ಫ್ಲುಯೆಂಜಾ ಇನ್ನೂ ಕ್ರೂರವಾಗಿತ್ತು. ಅದು ಮಕ್ಕಳು, ಮುದುಕರಿಗಿಂತ ದುಡಿಯುವ ವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯಿತು. ಮನೆಯ ಎಲ್ಲರೂ ಒಮ್ಮೆಗೇ ಮಲಗಿದಾಗ ಬದಲಿ ಆಳೂ ಇಲ್ಲ, ಮುಯ್ಯಾಳೂ ಇಲ್ಲ. ಹಳೆಯ ಏರ್ಪಾಡಿನ ಮಿತಿ ಅಂದು ಕಂಡಿತು. 1911ರಿಂದ 1921ರ ನಡುವೆ ಸಂಸ್ಥಾನದ ಜನಸಂಖ್ಯೆ ಏರಿದ್ದು ಕೇವಲ ಶೇ. 3ರಷ್ಟು.

ಕಾಯ್ದೆ ಬಂತು, ಕಡಲೆಕಾಯಿ ಹೊರಗುಳಿಯಿತು

ಅಷ್ಟರಲ್ಲಿ ಹೊರಗಿನ ಜಗತ್ತು ಬೇರೆ ದಾರಿ ಹಿಡಿದಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲೇ ಕಾರ್ಮಿಕರಿಗೆ ಕಾಯಿಲೆ ವಿಮೆ ತಂದಿದ್ದ. 1927ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದಕ್ಕಾಗಿ ಒಡಂಬಡಿಕೆಗಳನ್ನು ರೂಪಿಸಿತು. ಭಾರತದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ ಪ್ರೊ. ಬಿ.ಪಿ. ಅದಾರ್ಕರ್ ಅವರಿಗೆ ಈ ಕೆಲಸ ಒಪ್ಪಿಸಲಾಯಿತು. 1944ರಲ್ಲಿ ಅವರ ವರದಿ ಬಂತು, 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂತು. ನಾವು ಇ.ಎಸ್.ಐ. ಎನ್ನುವುದು ಇದನ್ನೇ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಉದ್ಘಾಟಿಸಿದರು. 1958ರಲ್ಲಿ ಬೆಂಗಳೂರಿಗೆ ಬಂತು.

ಈ ಯೋಜನೆಯ ತಿರುಳು ಸರಳ. ಕಾರ್ಮಿಕನ ಸಂಬಳದಿಂದ ಸ್ವಲ್ಪ, ಮಾಲೀಕನಿಂದ ಅದಕ್ಕಿಂತ ಹೆಚ್ಚು ಹಣ ಪ್ರತಿ ತಿಂಗಳು ವಿಮೆಗೆ ಹೋಗುತ್ತದೆ. 2019ರ ಜುಲೈಯಿಂದ ಈ ಪ್ರಮಾಣ ಶೇ. 0.75 ಮತ್ತು ಶೇ. 3.25. ಕಾಯಿಲೆ ಬಿದ್ದಾಗ ಔಷಧಿಯ ಜೊತೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ನಗದು ಸಿಗುತ್ತದೆ. ಕ್ಷಯ, ಕುಷ್ಠದಂಥ ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ. 80. ಇದು ಯಾರ ದಯೆಯೂ ಅಲ್ಲ, ಕಟ್ಟಿದ ಹಣದ ಮೇಲಿನ ಹಕ್ಕು.

ಆದರೆ ಅದೇ ಕಾಯ್ದೆಯಲ್ಲಿ ‘ಋತುಮಾನದ ಕಾರ್ಖಾನೆ’ ಎಂಬ ಒಂದು ಮಾತಿದೆ. ಇಂಥ ಕಾರ್ಖಾನೆಗಳಿಗೆ ಯೋಜನೆ ಅನ್ವಯಿಸುವುದಿಲ್ಲ. ಯಾವುವು ಅವು? ಹತ್ತಿ ಬಿಡಿಸುವುದು, ಹತ್ತಿ ಅಥವಾ ಸೆಣಬು ಒತ್ತುವುದು, ಕಾಫಿ, ಚಹಾ, ಸಕ್ಕರೆ, ಬೆಲ್ಲ ಮಾಡುವುದು, ಮತ್ತು ಕಡಲೆಕಾಯಿ ಸಿಪ್ಪೆ ಬಿಡಿಸುವುದು. ಪಾವಗಡ, ಮಧುಗಿರಿ, ಶಿರಾ ಸೀಮೆಗೆ ಕಡಲೆಕಾಯಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಡುವ ಕೆಂಪು ಮಣ್ಣಿನಲ್ಲಿ ರೈತನ ಕೈಗೆ ನಗದು ತಂದ ಬೆಳೆ ಅದೇ. ಅದರ ಹಿಂದೆ ಮಿಲ್ಲು ಬಂತು. ಮಿಲ್ಲಿನ ಧೂಳಿನಲ್ಲಿ ಕುಳಿತು ಬೀಜ ಆರಿಸುವ ಹೆಂಗಸರು ಬಂದರು, ಮೂಟೆ ಹೊರುವ ಹಮಾಲಿಗಳು ಬಂದರು. ಇವರಲ್ಲಿ ದಲಿತರಿದ್ದರು, ಗೊಲ್ಲರಿದ್ದರು, ಬೇಡರಿದ್ದರು, ನಮ್ಮ ಮೊಹಲ್ಲಾದವರಿದ್ದರು. ಆ ಧೂಳಿನಿಂದ ಬಂದ ಕೆಮ್ಮಿಗೆ ಮಾತ್ರ ಕಾಯ್ದೆಯ ಬಾಗಿಲು ಮುಚ್ಚಿತ್ತು. ಕೆಲಸ ವರ್ಷದ ಕೆಲವೇ ತಿಂಗಳದು ಎಂಬುದು ಕಾರಣ. ವರ್ಷವಿಡೀ ಕೆಲಸವಿಲ್ಲದವನಿಗೇ ಕಾಯಿಲೆಯ ದಿನದ ಕೂಲಿ ಹೆಚ್ಚು ಬೇಕು ಎಂದು ಯೋಚಿಸಿದ್ದರೆ ಈ ಗೆರೆಯನ್ನು ಬೇರೆ ಕಡೆ ಎಳೆಯಬಹುದಿತ್ತು. 1948ರ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದು 2025ರ ನವೆಂಬರ್ 21ರಂದು ಜಾರಿಯಾಯಿತು. ಅದರಲ್ಲೂ ಋತುಮಾನದ ಕಾರ್ಖಾನೆ ಹೊರಗೇ ಇದೆ, ಕಡಲೆಕಾಯಿಯೂ ಆ ಪಟ್ಟಿಯಲ್ಲೇ ಇದೆ.

ಪೇಟೆಯ ಅಂಗಡಿಗಳ ಕಥೆ ಬೇರೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನ ಸಂಬಳ ಸಹಿತ ಕಾಯಿಲೆ ರಜೆ ಕೊಡುತ್ತದೆ. ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುವ ಹುಡುಗನಿಗೂ, ಹೋಟೆಲಿನ ಮಾಣಿಗೂ ಅದು ಸಲ್ಲುತ್ತದೆ. ಅವನಿಗೆ ಅದು ಗೊತ್ತಿಲ್ಲ. ಅವನ ಮಾಲೀಕ ನಮ್ಮವನೇ ಆಗಿದ್ದರೂ ಹೇಳಿಲ್ಲ. ಸರ್ಕಾರಿ ನೌಕರನಿಗಾದರೆ 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿಟ್ಟಿವೆ. ಸಾಂದರ್ಭಿಕ ರಜೆ, ಗಳಿಕೆ ರಜೆ, ವರ್ಷಕ್ಕೆ 20 ದಿನ ಅರ್ಧ ವೇತನ ರಜೆ, ವೈದ್ಯರ ಚೀಟಿ ಇದ್ದರೆ ಅದನ್ನು ಪರಿವರ್ತಿಸಿಕೊಳ್ಳುವ ಸೌಲಭ್ಯ. ಇದನ್ನು ಕಂಡು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಎಲ್ಲರಿಗೂ ಹೀಗೆಯೇ ಇರಬೇಕಾಗಿತ್ತು ಎಂದು ಕೇಳಬೇಕು.

ಗೊತ್ತಿಲ್ಲದೆ ಅಲ್ಲ

ಬಡವರು ಕಾಯಿಲೆಯನ್ನು ಅಸಡ್ಡೆ ಮಾಡುತ್ತಾರೆ, ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಹಳೆಯದು. ಈ ಮಾತನ್ನು ಸುಳ್ಳೆಂದು ತೋರಿಸಿದ ಅಧ್ಯಯನವೊಂದು ನಡೆದದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ಸುಮಾರಿಗೆ ಈ ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಅದರ ಬೆನ್ನಿಗೆ ಸಮಾಜಶಾಸ್ತ್ರದ ಕಣ್ಣಿನಿಂದ ರೋಗಿಗಳನ್ನು ಮಾತಾಡಿಸಿದವರು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದು ಇಷ್ಟು: ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಧುನಿಕ ವೈದ್ಯರ ಬಳಿ ಹೋಗಿಬಂದಿದ್ದರು. ಅಲ್ಲಿ ಸಿಕ್ಕಿದ್ದು ಬಹುಪಾಲು ಕೆಮ್ಮಿನ ಔಷಧಿಯ ಸೀಸೆ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಳ್ಳುವಲ್ಲಿ ಈ ಸಂಸ್ಥೆಯ ಅಧ್ಯಯನಗಳು ದೊಡ್ಡ ಪಾತ್ರ ವಹಿಸಿದವು.

ನಮ್ಮ ಜಿಲ್ಲೆಯ ಹೆಸರಿಲ್ಲದ ಆ ಬಡವರು ವೈದ್ಯಶಾಸ್ತ್ರಕ್ಕೆ ಕೊಟ್ಟ ಪಾಠವಿದು. ಅವರಿಗೆ ಕಾಯಿಲೆ ಗೊತ್ತಿತ್ತು. ಒಂದು ದಿನದ ಕೂಲಿ ಬಿಟ್ಟು ನಡೆದು ಬಂದಿದ್ದರು. ಬಂದವರನ್ನು ಸರಿಯಾಗಿ ನೋಡಲಿಲ್ಲ.

ಅದೇ ಹೊತ್ತಿಗೆ ಮದರಾಸಿನಲ್ಲಿ ನಡೆದ ಇನ್ನೊಂದು ಅಧ್ಯಯನ, ಕ್ಷಯರೋಗಿಯನ್ನು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸಬೇಕಿಲ್ಲ, ಮನೆಯಲ್ಲೇ ಮಾತ್ರೆ ಕೊಟ್ಟು ಗುಣಪಡಿಸಬಹುದು ಎಂದು 1959ರಲ್ಲಿ ತೋರಿಸಿತು. ಬಡ ದೇಶಕ್ಕೆ ಇದು ವರದಾನ. ಆದರೆ ಮನೆಯಲ್ಲಿದ್ದವನು ಕೆಲಸಕ್ಕೆ ಹೋಗಬಲ್ಲನೆಂದು ಅರ್ಥವಲ್ಲ. ಮಾತ್ರೆ ಸರ್ಕಾರ ಕೊಡುತ್ತದೆ, ಅಕ್ಕಿ ರಾಗಿ ಯಾರು ಕೊಡುತ್ತಾರೆ? ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡಲು ಆರಂಭಿಸಿದ್ದು 2018ರಲ್ಲಿ. 2024ರ ನವೆಂಬರಿನಿಂದ ಅದು 1000 ರೂಪಾಯಿ. ಇ.ಎಸ್.ಐ. ಕಾರ್ಡಿನವನಿಗೆ ಕೂಲಿಯ ಶೇ. 80, ಕಾರ್ಡಿಲ್ಲದವನಿಗೆ ತಿಂಗಳಿಗೆ ಸಾವಿರ. ಒಂದೇ ಕೆಮ್ಮು, ಒಂದೇ ಮಾತ್ರೆ.

ಪಾವಗಡದ ಕಾಯಿಲೆ ಇನ್ನೂ ಬೇರೆ. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮಂಡಿ, ಬೆನ್ನು ಬಿಗಿಯುತ್ತವೆ. ನಲವತ್ತಕ್ಕೇ ಬಾಗಿದವನಿಗೆ ಎರಡು ದಿನದ ರಜೆಯಿಂದ ಆಗುವುದೇನು? ಇಂಥ ನೆಲದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ಮತ್ತು ಕಣ್ಣಿನ ರೋಗಿಗಳ ನಡುವೆ ದಶಕಗಳಿಂದ ಮಾಡುತ್ತ ಬಂದಿರುವ ಕೆಲಸ ದೊಡ್ಡದು. ಆದರೂ ದುಡಿಯಲಾಗದ ದಿನದ ಕೂಲಿಯನ್ನು ತುಂಬಿಕೊಡುವುದು ಯಾವ ಆಶ್ರಮದಿಂದಲೂ ಆಗುವ ಕೆಲಸವಲ್ಲ.

ಮೊರದ ಮುಂದೆ

ಇನ್ನು ಬೀಡಿ. ತುಮಕೂರು ಜಿಲ್ಲೆಯ ಪಟ್ಟಣಗಳ ಮುಸ್ಲಿಮ್ ಮೊಹಲ್ಲಾಗಳಿಗೆ ಇದರ ಪರಿಚಯ ಹೇಳಬೇಕಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಬೆನ್ನು ಬಾಗಿಸಿ, ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ತಂಬಾಕಿನ ಹುಡಿ ಉಸಿರಾಡುತ್ತ ಸುತ್ತಬೇಕು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ದುಡಿದ 20 ದಿನಕ್ಕೆ ಒಂದು ದಿನ ಸಂಬಳದ ರಜೆ ಎಂದಿತು. ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು, ಅದಕ್ಕೆ ಬೀಡಿಯ ಮೇಲಿನ ಸೆಸ್ ಆಧಾರವಾಗಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ಹೋಯಿತು. 1966ರ ಕಾಯ್ದೆಯೂ ಹೊಸ ಸಂಹಿತೆಗಳಲ್ಲಿ ಕರಗಿದೆ.

ಕಾಗದದ ಮೇಲೆ ರಜೆ ಇದ್ದರೂ ಮನೆಯಲ್ಲಿ ಅದು ಹೇಗೆ ಸಿಗಬೇಕು? ಕೆಲಸದ ಜಾಗವೇ ಮನೆಯಾದಾಗ ಕೆಲಸಕ್ಕೆ ಹೋಗದೆ ಇರುವುದು ಎಂಬ ಮಾತಿಗೇ ಅರ್ಥವಿಲ್ಲ. ತಾಯಿಗೆ ಜ್ವರ ಬಂದರೆ ಮೊರ ಮಗಳ ತೊಡೆಗೆ ಹೋಗುತ್ತದೆ. ವಾರದ ಕೊನೆಗೆ ಎಣಿಕೆ ಸರಿಯಾಗಿದ್ದರೆ ಸರಿ. ಜೀತದ ಮನೆಯ ಬದಲಿ ಆಳು ಇಲ್ಲಿ ಮಗಳ ರೂಪದಲ್ಲಿ ಕುಳಿತಿದ್ದಾಳೆ. ಅವಳು ಅಂದು ಶಾಲೆಗೆ ಹೋಗಲಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿ. ತಾಯಿಯ ಜ್ವರದ ಲೆಕ್ಕ ಬಿದ್ದದ್ದು ಮಗಳ ಹೆಸರಿಗೆ.

ಇಯಾದತ್ ಸಾಕೇ?

ನಮ್ಮ ದೀನ್ ಕಾಯಿಲೆಯವರ ವಿಷಯದಲ್ಲಿ ಬಹಳ ಮೃದು. ರಮಝಾನಿನ ಉಪವಾಸದಂಥ ಕಡ್ಡಾಯ ಕರ್ತವ್ಯದಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆ, ಗುಣವಾದ ಮೇಲೆ ಬೇರೆ ದಿನಗಳಲ್ಲಿ ಪೂರೈಸಬಹುದು. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಬಹುದು, ಕೂರಲಾಗದವರು ಮಲಗಿ ಮಾಡಬಹುದು. ಸೃಷ್ಟಿಕರ್ತನೇ ತನ್ನ ಹಕ್ಕಿನಲ್ಲಿ ಬಿಡುವು ಕೊಟ್ಟಿರುವಾಗ ಧಣಿಗಳು ತಮ್ಮ ಹಕ್ಕಿನಲ್ಲಿ ಒಂದು ದಿನವನ್ನೂ ಬಿಡದಿರುವುದು ಯಾವ ನ್ಯಾಯ?

ಕಾಯಿಲೆಯವರನ್ನು ಕಂಡು ಬರುವ ಇಯಾದತ್ ನಮ್ಮಲ್ಲಿ ಸುನ್ನತ್. ಮೊಹಲ್ಲಾದಲ್ಲಿ ಯಾರಾದರೂ ಮಲಗಿದರೆ ಬ್ರೆಡ್ಡು, ಮೂಸಂಬಿ ಹಿಡಿದು ನಾಲ್ಕು ಜನ ಬರುತ್ತಾರೆ, ದುಆ ಮಾಡುತ್ತಾರೆ. ಇದು ಒಳ್ಳೆಯದು, ಉಳಿಯಲಿ. ಆದರೆ ಬಂದವರು ಎದ್ದು ಹೋದ ಮೇಲೆ ಆ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಕೇಳುವುದನ್ನೂ ನಮ್ಮ ಪೂರ್ವಿಕರು ಕಲಿಸಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯಿಂದ ಗುಣವಾಗಿ ಹೊರಡುವ ರೋಗಿಗೆ, ಕೂಡಲೇ ದುಡಿಮೆಗೆ ಇಳಿಯಬೇಕಾಗದಂತೆ ಕೈಯಲ್ಲಿ ಸ್ವಲ್ಪ ಹಣ ಕೊಟ್ಟು ಕಳಿಸುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಆಸ್ಪತ್ರೆ ನಡೆಯುತ್ತಿದ್ದದ್ದು ವಕ್ಫ್ ಆದಾಯದಿಂದ. ನಮ್ಮ ಊರುಗಳ ವಕ್ಫ್ ಮಳಿಗೆಗಳ ಬಾಡಿಗೆಯಲ್ಲಿ ಇಂಥದೊಂದು ಬಾಬತ್ತು ಏಕಿರಬಾರದು?

ಹಾಗೆಂದು ಇದನ್ನು ಸಮುದಾಯದ ತಲೆಗೆ ಕಟ್ಟಿ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಅರ್ಜುನ್ ಸೇನ್‌ಗುಪ್ತ ಅಧ್ಯಕ್ಷತೆಯ ಅಸಂಘಟಿತ ವಲಯದ ಆಯೋಗ 2006ರ ತನ್ನ ವರದಿಯಲ್ಲಿ, ಮನೆ ನಡೆಸುವವರು ಆಸ್ಪತ್ರೆ ಸೇರಿದರೆ ದಿನಕ್ಕೆ 50 ರೂಪಾಯಿಯಂತೆ 15 ದಿನಗಳವರೆಗೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಬಹಳ ಸಣ್ಣ ಮೊತ್ತ. ಆದರೆ ಕೂಲಿಯವರ ಕಾಯಿಲೆಯ ದಿನಕ್ಕೂ ಬೆಲೆ ಇದೆ ಎಂದು ಅದು ಒಪ್ಪಿತ್ತು. 2008ರಲ್ಲಿ ಅಸಂಘಟಿತರ ಕಾಯ್ದೆ ಬಂದಾಗ, ಸ್ವಾಸ್ಥ್ಯ ವಿಮೆ ಬಂದಾಗ, ಆಸ್ಪತ್ರೆಯ ಬಿಲ್ಲು ಉಳಿಯಿತು, ಕೂಲಿ ಬಿದ್ದುಹೋಯಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೂ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುತ್ತದೆ, ಹಾಸಿಗೆಯಲ್ಲಿದ್ದ ದಿನಗಳ ರಾಗಿಗೆ ಏನೂ ಕೊಡುವುದಿಲ್ಲ. ಕೊರೋನಾ ಕಾಲದಲ್ಲಿ ಸೋಂಕು ತಗುಲಿದವರು 14 ದಿನ ಮನೆಯಲ್ಲಿರಬೇಕೆಂದು ಸರ್ಕಾರ ಆಜ್ಞೆ ಮಾಡಿತು. ದಿನಗೂಲಿಯವರು ಆ 14 ದಿನ ಏನು ತಿಂದರು ಎಂಬುದಕ್ಕೆ ಅವರ ನೆರೆಹೊರೆಯವರೇ ಸಾಕ್ಷಿ.

ಈಗ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೂ ಗಾರ್ಮೆಂಟ್ಸುಗಳಿಗೂ ನಮ್ಮ ತಾಲ್ಲೂಕುಗಳ ಹುಡುಗಿಯರು ಬೆಳಗಿನ ಬಸ್ಸು, ವ್ಯಾನು ಹತ್ತಿ ಹೋಗುತ್ತಾರೆ. ಅವರಲ್ಲಿ ಅನೇಕರ ಬಳಿ ಇ.ಎಸ್.ಐ. ಕಾರ್ಡಿದೆ. ಅವರ ಅಜ್ಜಿ ಬೀಡಿ ಸುತ್ತಿದವಳು, ಅಮ್ಮ ಕಡಲೆಬೀಜ ಆರಿಸಿದವಳು. ಮನೆಯಲ್ಲಿ ಕಾಯಿಲೆ ಬೀಳುವ ಹಕ್ಕನ್ನು ಪಡೆದ ಮೊದಲ ತಲೆಮಾರು ಇದು. ಆ ಕಾರ್ಡಿನಲ್ಲಿ ಮಾತ್ರೆಯಷ್ಟೇ ಅಲ್ಲ, 91 ದಿನದ ಕೂಲಿಯೂ ಇದೆ ಎಂದು ಅವರಿಗೆ ಹೇಳೋಣ. ಅಂಗಡಿಯ ಹುಡುಗನಿಗೆ ಅವನ 12 ದಿನಗಳನ್ನು ಹೇಳೋಣ. ಅಂಗಡಿ ನಮ್ಮದೇ ಆಗಿದ್ದರೆ ಕೇಳುವ ಮೊದಲೇ ಕೊಡೋಣ. ಕಡಲೆಕಾಯಿಯ ಹೆಸರನ್ನು ಆ ಪಟ್ಟಿಯಿಂದ ತೆಗೆಯಿರೆಂದು ನಾವು ಆರಿಸಿ ಕಳಿಸಿದವರನ್ನು ಕೇಳೋಣ. ಎಪ್ಪತ್ತು ವರ್ಷಕ್ಕೂ ಮೀರಿ ಅದು ಅಲ್ಲಿ ಕುಳಿತಿದೆ.